ಕೋಲ್‌ಮೈಸೆಗೆ ಇಂಗ್ಲಿಷಿನಲ್ಲಿ ಏನಂತಾರೆ? ಆ್ಯಪ್, ನಿಘಂಟು, ಲ್ಯಾಟಿನ್

ಮೊದಲೇ ಹೇಳಿಬಿಡುತ್ತೇನೆ: ಪ್ರಾಣಿಪಕ್ಷಿಗಳ ಜರ್ಮನ್ ಹೆಸರನ್ನು ಇಂಗ್ಲಿಷಿಗೆ ತರಬೇಕಾದರೆ ನಾನು ನಂಬುವುದು ಲ್ಯಾಟಿನ್ (ವೈಜ್ಞಾನಿಕ) ಹೆಸರಿನ ದಾರಿಯನ್ನು ಮಾತ್ರ. ದುಡ್ಡು ಕೊಟ್ಟು ಕೊಂಡ ಅನುವಾದದ ಆ್ಯಪ್ ಒಂದಿಡೀ ಚಳಿಗಾಲದ ಪಟ್ಟಿಯನ್ನು ಕೆಡಿಸಿತು.

ನಾನಿರುವುದು ಜರ್ಮನಿಯಲ್ಲಿ, ಅಣ್ಣ ಮೈಸೂರಿನಲ್ಲಿ. ಕಂಡ ಹಕ್ಕಿಗಳ ಇಂಗ್ಲಿಷ್ ಹೆಸರು ಬರೆದು ವಾರಕ್ಕೊಮ್ಮೆ ಒಬ್ಬರಿಗೊಬ್ಬರು ಕಳಿಸುತ್ತೇವೆ. ಬಾಲ್ಕನಿಯಲ್ಲಿಟ್ಟ ಸೂರ್ಯಕಾಂತಿ ಬೀಜಕ್ಕೆ ಬಂದ ಹಕ್ಕಿಯನ್ನು ಪಕ್ಕದ ಮನೆಯ ಅಜ್ಜಿ ‘ಕೋಲ್‌ಮೈಸೆ’ ಎಂದರು. ಆ್ಯಪ್ ‘ಕೋಲ್ ಟಿಟ್’ ಎಂದಿತು. ಜರ್ಮನ್ನಿನ ಕೋಲೆಯೂ ಇಂಗ್ಲಿಷಿನ ಕೋಲ್ ಕೂಡ ಇದ್ದಿಲೇ ಅಲ್ಲವೇ? ಅನುಮಾನವೇ ಬರಲಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಾಗೇ ಬರೆದೆ. ಒಮ್ಮೆ ಫೋಟೊ ಕಳಿಸಿದಾಗ ಅಣ್ಣ ಕೇಳಿದ: ‘ಕೋಲ್ ಟಿಟ್‌ಗೆ ಹಳದಿ ಹೊಟ್ಟೆ ಎಲ್ಲಿಂದ ಬಂತು?’

ಕೋಲ್‌ಮೈಸೆ ಅಂದರೆ ಗ್ರೇಟ್ ಟಿಟ್. ಸುಮಾರು 14 ಸೆಂ.ಮೀ. ಉದ್ದ, ಹಳದಿ ಹೊಟ್ಟೆಯ ನಡುವೆ ಕಪ್ಪು ಪಟ್ಟೆ. ಅದರ ಕಪ್ಪು ತಲೆ ನೋಡಿ ಜರ್ಮನರು ಇದ್ದಿಲಿನ ಹೆಸರಿಟ್ಟರು. ಇಂಗ್ಲಿಷಿನಲ್ಲಿ ಆ ಇದ್ದಿಲು ಸೇರಿದ್ದು ಬೇರೊಂದು ಹಕ್ಕಿಗೆ: 11 ಸೆಂ.ಮೀ.ನಷ್ಟು ಪುಟ್ಟದು, ಕತ್ತಿನ ಹಿಂದೆ ಬಿಳಿ ಮಚ್ಚೆ. ಜರ್ಮನ್ನಿನಲ್ಲಿ ಅದು ಟಾನನ್‌ಮೈಸೆ, ಫರ್ ಮರದ ಹಕ್ಕಿ. ನನ್ನ ಬಾಲ್ಕನಿಗೆ ಎರಡೂ ಬರುತ್ತವೆ. ಹಾಗಾಗಿ ನಾಲ್ಕು ತಿಂಗಳ ಯಾವ ಸಾಲು ಯಾವ ಹಕ್ಕಿಯದೆಂದು ಈಗ ತಿದ್ದಲೂ ಆಗುವುದಿಲ್ಲ. ನನಗೆ ಇವತ್ತಿಗೂ ಬೇಸರವಿರುವುದು ಅದಕ್ಕೇ.

ಪಾಕೆಟ್ ನಿಘಂಟು ಮೋಸ ಮಾಡುವುದಿಲ್ಲ, ಆದರೆ ‘ಮೈಸೆ’ಗೆ ‘ಟಿಟ್’ ಎಂದು ಹೇಳಿ ಅಲ್ಲಿಗೇ ನಿಲ್ಲುತ್ತದೆ.

ಲ್ಯಾಟಿನ್ ದಾರಿಗೆ ಬೇಕಾದದ್ದು ಒಂದು ಹಕ್ಕಿ ಕೈಪಿಡಿ. ಹಳೆ ಪುಸ್ತಕದಂಗಡಿಯಲ್ಲಿ 4 ಯೂರೋಗೆ ಸಿಕ್ಕಿತು. ಜರ್ಮನ್ ಹೆಸರಿನ ಕೆಳಗೇ ಪಾರಸ್ ಮೇಜರ್ ಎಂದಿರುತ್ತದೆ. ವಿಕಿಪೀಡಿಯದಲ್ಲಿ ಅದನ್ನು ಹುಡುಕಿ ಭಾಷೆ ಬದಲಿಸಿದರೆ ಮುಗಿಯಿತು. ಹಳೆಯ ಪುಸ್ತಕವಾದ್ದರಿಂದ ಬ್ಲೂ ಟಿಟ್ ಇನ್ನೂ ಪಾರಸ್ ಸೆರುಲಿಯಸ್ ಆಗಿಯೇ ಇದೆ, ಈಗಿನ ಹೆಸರು ಸಯನಿಸ್ಟೀಸ್ ಸೆರುಲಿಯಸ್. ಎರಡನೆಯ ಪದ ಬದಲಾಗಿಲ್ಲದ್ದರಿಂದ ಹುಡುಕಲು ಕಷ್ಟವಾಗಲಿಲ್ಲ. ಜರ್ಮನ್ನಿನಲ್ಲಿ ‘ಎಲ್ಷ್’ ಎನ್ನುವ ದೊಡ್ಡ ಜಿಂಕೆಯ ಹೆಸರಿನಂಥ ತೊಡಕಿಗೂ ಇದೇ ಮದ್ದು: ಬ್ರಿಟನ್ನಿನಲ್ಲಿ ಅದು ಎಲ್ಕ್, ಅಮೆರಿಕದಲ್ಲಿ ಮೂಸ್, ಅಮೆರಿಕದ ಎಲ್ಕ್ ಬೇರೆಯೇ ಜಿಂಕೆ. ಆಲ್ಸೀಸ್ ಆಲ್ಸೀಸ್ ಎಂದು ಬರೆದರೆ ಗೊಂದಲವಿಲ್ಲ.

ಆ್ಯಪಿನ ಚಂದಾ ನಿಲ್ಲಿಸಿದೆ. ಕಿಟಕಿಯ ಪಕ್ಕದ ನೋಟ್‌ಬುಕ್ಕಿನಲ್ಲಿ ಲ್ಯಾಟಿನ್ ಮೊದಲು ಬರೆಯುವ ನನಗೆ ಕೈಪಿಡಿಯೇ ಸಾಕು. ಬೀದಿಯಲ್ಲಿ ನಿಂತು ತಕ್ಷಣ ಉತ್ತರ ಬೇಕೆನ್ನುವವರಿಗೆ ಇದು ನಿಧಾನವೇ.

ಅಣ್ಣನ ಹಳೆಯ ಪಟ್ಟಿಯಲ್ಲೂ ‘ಗ್ರೇಟ್ ಟಿಟ್’ ಇದೆ. ನಮ್ಮ ಕಡೆಯ ಆ ಬೂದು ಹಕ್ಕಿಯನ್ನು ಹಿಂದೆ ಪಾರಸ್ ಮೇಜರ್‌ನಲ್ಲೇ ಸೇರಿಸುತ್ತಿದ್ದರು. ಈಗ ಅದು ಪಾರಸ್ ಸಿನೇರಿಯಸ್ ಎಂಬ ಬೇರೆ ಪ್ರಭೇದ. ಅವನ ಸಾಲುಗಳಿಗೂ ಲ್ಯಾಟಿನ್ ಸೇರಿಸುವ ಕೆಲಸ ಈ ವಾರ ಶುರುಮಾಡಿದ್ದೇವೆ.