ಕಿನ್ನಿಕ್ ಸ್ಟೇಡಿಯಂ: ಆಟಕ್ಕೆ ಒಂದು ಗಂಟೆ ಮೊದಲೇ ಹೋಗಿ

ಮಗಳು ಅಯೋವಾ ಸಿಟಿಯಲ್ಲಿ ಓದುತ್ತಿದ್ದಾಳೆ. ಹೋದ ಅಕ್ಟೋಬರ್‌ನಲ್ಲಿ ಅವಳ ಯೂನಿವರ್ಸಿಟಿಯ ಕಿನ್ನಿಕ್ ಸ್ಟೇಡಿಯಂನಲ್ಲಿ ಒಂದು ಆಟ ನೋಡಿದೆ. ಅಮೆರಿಕದ ಫುಟ್‌ಬಾಲ್ ನನಗೆ ಅರ್ಧಂಬರ್ಧ ಗೊತ್ತು. ಆದರೂ ಟಿಕೆಟ್ ದುಡ್ಡು ದಂಡ ಅನಿಸಲಿಲ್ಲ.

ದಕ್ಷಿಣದ ಗೇಟಿನ ಹೊರಗೆ ಇದೇ ಯೂನಿವರ್ಸಿಟಿಯ ಹಳೆಯ ಆಟಗಾರ ನೈಲ್ ಕಿನ್ನಿಕ್ ಅವರ ಕಂಚಿನ ಪ್ರತಿಮೆ ಇದೆ. ನಾನು ಜಾಸ್ತಿ ಹೊತ್ತು ನಿಂತಿದ್ದು ಅಲ್ಲೇ. ಕೈಯಲ್ಲಿ ಚೆಂಡಿಲ್ಲ, ಪುಸ್ತಕಗಳಿವೆ. ಹೆಲ್ಮೆಟ್ ಕಾಲ ಬಳಿ ಇದೆ. ಒಳಗೆ ಹೋಗುವ ಆಟಗಾರರು ಅದನ್ನು ಮುಟ್ಟಿಕೊಂಡು ಹೋಗುತ್ತಾರೆ, ನಾವು ದೇವಸ್ಥಾನದ ಹೊಸಿಲು ಮುಟ್ಟುತ್ತೇವಲ್ಲ, ಹಾಗೆ.

1939ರಲ್ಲಿ ಅಯೋವಾ ತಂಡ ನೋಟರ್ ಡೇಮ್ ತಂಡವನ್ನು 7–6ರಲ್ಲಿ ಸೋಲಿಸಿತು. ಆ ಏಳೂ ಅಂಕ ಕಿನ್ನಿಕ್ ಅವರವೇ. ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯೂ ಆ ವರ್ಷ ಅವರಿಗೇ ಬಂತು. ಯುರೋಪಿನ ರಣರಂಗದಲ್ಲಲ್ಲ, ಆಟದ ಮೈದಾನದಲ್ಲಿ ಕಾದಾಡುವಂತಾಯಿತಲ್ಲ ಎಂದು ಆ ಟ್ರೋಫಿ ಪಡೆದ ಸಮಾರಂಭದಲ್ಲಿ ದೇವರಿಗೆ ಕೃತಜ್ಞತೆ ಹೇಳಿದರು. ಎರಡೇ ವರ್ಷದಲ್ಲಿ ಲಾ ಓದು ಬಿಟ್ಟು ನೌಕಾಪಡೆಯ ಪೈಲಟ್ ತರಬೇತಿಗೆ ಹೊರಟರು.

1943ರ ಜೂನ್ 2. ಲೆಕ್ಸಿಂಗ್ಟನ್ ಎಂಬ ವಿಮಾನವಾಹಕ ಹಡಗಿನಿಂದ ವೈಲ್ಡ್‌ಕ್ಯಾಟ್ ವಿಮಾನದಲ್ಲಿ ತರಬೇತಿ ಹಾರಾಟಕ್ಕೆ ಹೋದರು. ಎಂಜಿನ್‌ನಿಂದ ಆಯಿಲ್ ಸೋರತೊಡಗಿತು. ನಾನು ವಾಯುಪಡೆಯಲ್ಲಿ 20 ವರ್ಷ ಎಂಜಿನ್ ಕೆಲಸ ಮಾಡಿದವನು. ಆಯಿಲ್ ಹೋದ ಮೇಲೆ ಎಂಜಿನ್‌ಗೆ ಎಷ್ಟು ಹೊತ್ತಿನ ಆಯಸ್ಸು ಅಂತ ಗೊತ್ತು. ಹಡಗಿನ ಡೆಕ್ ಮೇಲೆ ಹೊರಡಲು ನಿಂತ ವಿಮಾನಗಳಿದ್ದವು. ಅಲ್ಲಿ ಇಳಿಯಲು ಹೋದರೆ ಬೇರೆಯವರ ಜೀವಕ್ಕೂ ಅಪಾಯ. ಅವರು ವೆನೆಜುವೆಲಾ ಹತ್ತಿರದ ಪಾರಿಯಾ ಕೊಲ್ಲಿಯ ನೀರಿಗೇ ವಿಮಾನ ಇಳಿಸಿದರು. ದೇಹ ಸಿಗಲೇ ಇಲ್ಲ. ಜೆರ್ಸಿ ನಂಬರ್ 24, ವಯಸ್ಸೂ 24. ಮಗಳಿಗೆ ಇದನ್ನು ಹೇಳುವಾಗ ಗಂಟಲು ಕಟ್ಟಿತು.

1972ರಲ್ಲಿ ಸ್ಟೇಡಿಯಂಗೆ ಅವರ ಹೆಸರಿಟ್ಟರು. ಸುಮಾರು 69,000 ಜನ ಹಿಡಿಸುತ್ತಾರೆ. ದೊಡ್ಡ ಬ್ಯಾಗ್ ಒಯ್ಯಬೇಡಿ, ಒಳಗೆ ಬಿಡುವುದಿಲ್ಲ. ಕಾರು ದೂರ ನಿಲ್ಲಿಸಿ ನಡೆಯುವುದೇ ವಾಸಿ. ನಾವು ಹತ್ತಿರ ಜಾಗ ಹುಡುಕುತ್ತಾ ಮುಕ್ಕಾಲು ಗಂಟೆ ಕಳೆದುಕೊಂಡೆವು.

ಸೀಟು ಆರಿಸುವಾಗ ಪಕ್ಕದ ಮಕ್ಕಳ ಆಸ್ಪತ್ರೆ ಎದುರಿಗೆ ಕಾಣುವ ಕಡೆಯೇ ನೋಡಿ. ಮೊದಲ ಕ್ವಾರ್ಟರ್ ಮುಗಿದ ಕೂಡಲೇ ಇಡೀ ಸ್ಟೇಡಿಯಂ ಆ ಕಡೆ ತಿರುಗಿ ಅಲ್ಲಿನ ಮಕ್ಕಳಿಗೆ ಕೈ ಬೀಸುತ್ತದೆ. ಎದುರಾಳಿ ತಂಡದವರೂ ಬೀಸುತ್ತಾರೆ. ಮೇಲಿನ ಕಿಟಕಿಯೊಂದರಲ್ಲಿ ಪುಟ್ಟ ಕೈಯೊಂದು ಆಡಿದ್ದು ಕಂಡಿತು. ನಾನು ಎರಡೂ ಕೈ ಎತ್ತಿ ಬೀಸಿದೆ.