ಕೋರಿ ಮರಿಗಳ ಡಬ್ಬಿಗಳಿಗೆ 100 ವ್ಯಾಟ್ ಹೀಟರ್: ಒಂದು ಚಳಿಗಾಲ ಬಳಸಿದ ಮೇಲೆ

ಅಕ್ವೇರಿಯಂ ಅಂಗಡಿಗಳಲ್ಲಿ ಬ್ರಾಂಜ್ ಕೋರಿ ಎಂಬ ಹೆಸರಿನಲ್ಲಿ ಸಿಗುವ ಪುಟ್ಟ ಕ್ಯಾಟ್‌ಫಿಶ್‌ಗಳು, ತೊಟ್ಟಿಗೆ ಸ್ವಲ್ಪ ತಂಪು ನೀರು ಬೆರೆಸಿದರೆ ಉತ್ಸಾಹಗೊಂಡು ಗಾಜಿನ ಮೇಲೆಲ್ಲ ಮೊಟ್ಟೆ ಅಂಟಿಸುತ್ತವೆ. ಆದರೆ ಮೂರರಿಂದ ಐದು ದಿನಗಳಲ್ಲಿ ಮೊಟ್ಟೆಯೊಡೆದು ಬರುವ ಮರಿಗಳಿಗೆ 25–26 ಡಿಗ್ರಿಯ ಸ್ಥಿರವಾದ ಬಿಸುಪು ಬೇಕು. ಡಿಸೆಂಬರಿನಲ್ಲಿ ರಾತ್ರಿ ಕೋಣೆಯೊಳಗೇ 17 ಡಿಗ್ರಿಗೆ ಇಳಿಯುವ ಚಿಕ್ಕಮಗಳೂರಿನ ನಮ್ಮ ಹೆಂಚಿನ ಮನೆಯಲ್ಲಿ, 2 ಲೀಟರಿನ ಡಬ್ಬಿಯೊಂದು ಸಂಜೆಯಿಂದ ಬೆಳಗಾಗುವಷ್ಟರಲ್ಲಿ ಪೂರ್ತಿ ತಣ್ಣಗಾಗುತ್ತದೆ.

ಹಿಂದಿನ ವರ್ಷ 25 ವ್ಯಾಟ್‌ನ ಪುಟ್ಟ ಹೀಟರನ್ನು ನೇರವಾಗಿ ಡಬ್ಬಿಯೊಳಗೇ ಇಟ್ಟಿದ್ದೆ. ಒಂದು ರಾತ್ರಿ, ಬೇಕಾದಷ್ಟು ಬಿಸಿಯಾದೊಡನೆ ಹೀಟರನ್ನು ತಾನೇ ಆರಿಸಬೇಕಾದ ಅದರ ಥರ್ಮೋಸ್ಟಾಟ್ ಕೈಕೊಟ್ಟು, ಬೆಳಿಗ್ಗೆ ನೋಡುವಾಗ ನೀರು 36 ಡಿಗ್ರಿ ಮುಟ್ಟಿತ್ತು. ಒಂದು ಮರಿಯೂ ಉಳಿದಿರಲಿಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.16 ವ್ಯಾಟ್-ಗಂಟೆ ಸಾಕು. ಎಂದರೆ ಅಷ್ಟು ಸಣ್ಣ ಹೀಟರ್ ಕೂಡ ಆರದೆ ಉರಿದರೆ ಎರಡು ಲೀಟರ್ ನೀರನ್ನು ಗಂಟೆಗೆ ಹತ್ತು ಡಿಗ್ರಿಯ ವೇಗದಲ್ಲಿ ಏರಿಸತೊಡಗುತ್ತದೆ. ಈ ಲೆಕ್ಕವನ್ನು ನಾನು ಮೊದಲೇ ಹಾಕಬೇಕಿತ್ತು ಎಂಬ ನೋವು ಇಂದಿಗೂ ಇದೆ.

ಈ ಸಲ ಹಾಗಾಗಬಾರದೆಂದು ಗಾಜಿನ ಕೊಳವೆಯ, ಪೂರ್ತಿ ಮುಳುಗಿಸಬಹುದಾದ 100 ವ್ಯಾಟ್‌ನ ಹೀಟರ್ ತಂದು, ಅದನ್ನು ಮರಿಗಳ ಡಬ್ಬಿಗೆ ಹಾಕದೆ, 40 ಲೀಟರ್ ನೀರು ತುಂಬಿದ ದೊಡ್ಡ ಟಬ್ಬಿನಲ್ಲಿ ಇಟ್ಟೆ. ಟಬ್ಬಿನೊಳಗೆ ಇಟ್ಟಿಗೆ ಜೋಡಿಸಿ, ಅವುಗಳ ಮೇಲೆ ನಾಲ್ಕು ಡಬ್ಬಿಗಳನ್ನು, ಹೊರಗಿನ ನೀರು ಒಳಗೆ ನುಗ್ಗದಂತೆ ಕಂಠದವರೆಗೆ ಮಾತ್ರ ಮುಳುಗಿಸಿ ಕೂರಿಸಿದೆ. ಇಷ್ಟು ನೀರಿನಲ್ಲಿ ಥರ್ಮೋಸ್ಟಾಟ್ ಕೆಟ್ಟರೂ ಬಿಸಿ ಗಂಟೆಗೆ ಎರಡು ಡಿಗ್ರಿಯನ್ನು ಮೀರಿ ಏರಲಾರದು, ಆದ್ದರಿಂದ ಎಚ್ಚೆತ್ತುಕೊಳ್ಳಲು ಸಮಯ ಸಿಗುತ್ತದೆ. ಕರೆಂಟು ಹೋದಾಗಲೂ ಅದೇ ನೀರು ಮರಿಗಳನ್ನು ಕಾಪಾಡುತ್ತದೆ: ಟಬ್ಬಿನ ಸುತ್ತ ಥರ್ಮಾಕೋಲ್, ಮೇಲೆ ಮುಚ್ಚಳ ಇದ್ದುದರಿಂದ ಎರಡು ಗಂಟೆಯಲ್ಲಿ ಇಳಿದದ್ದು ಒಂದೂವರೆ ಡಿಗ್ರಿ ಮಾತ್ರ. ಮುಚ್ಚಳವನ್ನು ಯಾರೂ ಹಗುರವಾಗಿ ಕಾಣಬಾರದು. ಬಿಸಿ ಹೆಚ್ಚಾಗಿ ಸೋರುವುದು ಆವಿಯ ರೂಪದಲ್ಲಿ ಮೇಲಿನಿಂದಲೇ. ಗಾಳಿಯಾಡಲು ಒಂದು ಬೆರಳಿನಷ್ಟು ಸಂದಿ ಬಿಟ್ಟಿದ್ದೇನೆ.

ಹೀಟರಿನ ವಿಚಾರಕ್ಕೆ ಬರುವುದಾದರೆ, ಅದರ ತಿರುಪಿನ ಮೇಲಿನ ಅಂಕಿಯನ್ನು ನಂಬುವಂತಿಲ್ಲ. 26ಕ್ಕೆ ತಿರುಗಿಸಿದಾಗ ಟಬ್ಬಿನ ನೀರು 28ಕ್ಕೆ ನಿಂತಿತು. ಬೇರೆಯದೇ ಥರ್ಮಾಮೀಟರನ್ನು ಮರಿಗಳ ಡಬ್ಬಿಯೊಳಗೆ ಇಟ್ಟು, ಎರಡು ದಿನ ನೋಡಿ ಹೊಂದಿಸಿಕೊಂಡೆ. ಆ ಬಳಿಕ ಅರ್ಧ ಡಿಗ್ರಿಗಿಂತ ಹೆಚ್ಚು ಕದಲಲಿಲ್ಲ. ಟಬ್ಬಿನಲ್ಲಿ ಗಾಳಿಗುಳ್ಳೆ ಬಿಡುವ ಒಂದು ಏರ್ ಸ್ಟೋನ್ ಇಟ್ಟು ನೀರನ್ನು ಕಲಕುತ್ತಿರದಿದ್ದರೆ ಹೀಟರಿನ ಪಕ್ಕದ ಡಬ್ಬಿಗೂ ಮೂಲೆಯ ಡಬ್ಬಿಗೂ ಒಂದೂವರೆ ಡಿಗ್ರಿ ವ್ಯತ್ಯಾಸ ಬರುತ್ತದೆ. ಡಬ್ಬಿಗಳೊಳಗೂ ತೆಳುವಾದ ಗಾಳಿಯ ಕೊಳವೆ ಬೇಕೇ ಬೇಕು, ಏಕೆಂದರೆ ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಮರಿಗಳಿಗೆ ತಿನ್ನಲು ಹಾಕಿದ ಆರ್ಟೀಮಿಯಾ (ಉಪ್ಪುನೀರಿನ ಅತಿ ಸಣ್ಣ ಸಿಗಡಿಯಂಥ ಜೀವಿ) ಉಳಿದು ಕೊಳೆಯುವುದರಿಂದ ದಿನವೂ ನೀರು ಬದಲಿಸಬೇಕಾಗುತ್ತದೆ. ಅದಕ್ಕಾಗಿ ಒಂದು ಬಾಟಲಿ ನೀರನ್ನು ಅದೇ ಟಬ್ಬಿನಲ್ಲಿ ಮುಳುಗಿಸಿಟ್ಟರೆ ಹೊಸ ನೀರೂ ಅದೇ ಬಿಸುಪಿನಲ್ಲಿ ಸಿದ್ಧವಾಗಿರುತ್ತದೆ.

ಕೊರತೆಗಳೂ ಇವೆ. ಗಾಜಿನ ಸುತ್ತ ರಕ್ಷಣೆಯ ಜಾಲರಿ ಇಲ್ಲದ ಕಾರಣ, ರಬ್ಬರಿನ ಹಿಡಿ ಸಡಿಲಗೊಂಡು ಕೊಳವೆ ಪ್ಲಾಸ್ಟಿಕ್ ಟಬ್ಬಿಗೆ ತಾಗಿದರೆ ಟಬ್ಬು ಕರಗಬಹುದು. ನಾನು ಇಟ್ಟಿಗೆಯ ನಡುವೆ ಅದನ್ನು ಬಿಗಿಯಾಗಿ ಕೂರಿಸಿದ್ದೇನೆ. ವೈರು ಗಿಡ್ಡ. ಅದರ ಮೇಲೆ ಹರಿದ ನೀರು ಪ್ಲಗ್ಗಿಗೆ ಸೇರದೆ ನೆಲಕ್ಕೆ ತೊಟ್ಟಿಕ್ಕುವಂತೆ ವೈರು ಪ್ಲಗ್ಗಿಗಿಂತ ಕೆಳಗೆ ಜೋತುಬೀಳಬೇಕು, ಈ ಉದ್ದದಲ್ಲಿ ಅದು ಕಷ್ಟ. ಟಬ್ಬಿಗೆ ಕೈ ಹಾಕುವ ಮುನ್ನ ಪ್ಲಗ್ ಕಿತ್ತಿಡುವುದನ್ನಂತೂ ಮರೆಯಲೇಬಾರದು.

ವಿದ್ಯುತ್ ಖರ್ಚು ದಿನಕ್ಕೆ ಸುಮಾರು ಒಂದು ಯೂನಿಟ್. ಒಂದೇ ಡಬ್ಬಿಗೆ ಇದು ದುಬಾರಿ ಎನಿಸಬಹುದು, ನಾಲ್ಕಕ್ಕೆ ಹಾಗಲ್ಲ. ಈ ಚಳಿಗಾಲದಲ್ಲಿ ಮೊಟ್ಟೆಯೊಡೆದ 70 ಮರಿಗಳಲ್ಲಿ 58 ಬೆಳೆದು ದೊಡ್ಡ ತೊಟ್ಟಿಗೆ ಹೋದವು. ಮುಂದಿನ ನವೆಂಬರಿಗೆ ಇದೇ ವ್ಯವಸ್ಥೆಯನ್ನು, ಜಾಲರಿ ಇರುವ ಹೀಟರಿನೊಂದಿಗೆ, ಮತ್ತೆ ಹೂಡುತ್ತೇನೆ.