ದುಡ್ಡು ಕೊಟ್ಟು ತರೋ ಎಸ್‌ಎಸ್‌ಎಚ್ ಲೈಬ್ರರಿ ಒಳಗೆ ಏನಿದೆ ನೋಡ್ಕೊಂಡು ತಗೊಳ್ಳಿ

ಮೊನ್ನೆ ನಮಗೆ ಎಸ್‌ಎಸ್‌ಎಚ್ ಲೈಬ್ರರಿ ಮಾರಿದ ಕಂಪನಿಯಿಂದ ಒಂದು ಮೇಲ್ ಬಂತು. (ಎಸ್‌ಎಸ್‌ಎಚ್ ಅಂದ್ರೆ ಎರಡು ಕಂಪ್ಯೂಟರ್ ನಡುವೆ ಗುಟ್ಟಾಗಿ ಮಾತಾಡೋ ಪದ್ಧತಿ, ಲೈಬ್ರರಿ ಅಂದ್ರೆ ನಮ್ಮ ಪ್ರೋಗ್ರಾಮಿಗೆ ಸೇರಿಸ್ಕೊಳ್ಳೋ ಸಿದ್ಧ ಕೋಡು.) "ನಿಮ್ಮ ಲೈಸೆನ್ಸ್ ಅವಧಿ ಮುಗಿದಿದೆ, ಈಗಲೇ ನವೀಕರಿಸಿದರೆ ಶೇ 20 ರಿಯಾಯಿತಿ." ನೋಡಿದ ಕೂಡ್ಲೇ ಮೈ ಉರಿದು ಹೋಯ್ತು. ಇಷ್ಟು ದಿನ ನಾಚಿಕೆಗೆ ಬಾಯಿ ಮುಚ್ಕೊಂಡಿದ್ದೆ. ಇನ್ನು ಬರೆದೇ ಬಿಡ್ತೀನಿ, ಬೇರೆಯವರಾದ್ರೂ ಉಳ್ಕೊಳ್ಲಿ.

ಹುಬ್ಬಳ್ಳಿಯಲ್ಲಿ ನಮ್ಮದು ಮೂರೇ ಜನರ ಆಫೀಸು. ಔಷಧಿ ಹೋಲ್‌ಸೇಲ್ ವ್ಯಾಪಾರಿ ಒಬ್ಬರಿಗೆ ಸಿ++ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ವಿ. ಬ್ರಾಂಚ್ ಕೌಂಟರುಗಳಲ್ಲಿ ವಿಂಡೋಸ್, ಗೋಡೌನಲ್ಲಿ ಲಿನಕ್ಸ್, ಮಾಲೀಕರ ಮಗನ ಕೈಲಿ ಮ್ಯಾಕ್. ರಾತ್ರಿ ಬಾಗಿಲು ಹಾಕಿದ ಮೇಲೆ ಎಲ್ಲಾ ಕಡೆಯಿಂದ ಆ ದಿನದ ಸ್ಟಾಕ್ ಎಸ್‌ಎಫ್‌ಟಿಪಿಯಲ್ಲಿ, ಅಂದ್ರೆ ಎಸ್‌ಎಸ್‌ಎಚ್ ಮೂಲಕ ಫೈಲ್ ಕಳಿಸೋ ವಿಧಾನದಲ್ಲಿ, ಹೆಡ್ಡಾಫೀಸ್ ಸರ್ವರಿಗೆ ಬರಬೇಕು. ಅಷ್ಟೇ ಕೆಲಸ.

2020ರ ಕೊನೆಯಲ್ಲಿ ಲೈಬ್ರರಿ ಹುಡುಕ್ತಾ ಇದ್ದಾಗ ನಮ್ಮ ಹುಡುಗ ಹೇಳಿದ್ದ, "ಸರ್, ಲಿಬ್‌ಎಸ್‌ಎಸ್‌ಎಚ್ ಅದ, ಲಿಬ್‌ಎಸ್‌ಎಸ್‌ಎಚ್2 ಅದ. ಎರಡೂ ಪುಕ್ಕಟೆ, ಮೂರೂ ಕಡೆ ನಡೀತಾವ. ಯಾವುದರ ಒಂದು ಹಾಕೂಣ್ರಿ." ನಾನು ಭಾರೀ ತಿಳಿದವನ ಹಾಗೆ, "ಪುಕ್ಕಟೆದ್ದಕ್ಕ ನಾಳೆ ಯಾರು ಜವಾಬ್ದಾರಿ? ದುಡ್ಡು ಕೊಟ್ರ ಕೇಳಾಕ ಒಬ್ಬ ಇರ್ತಾನ" ಅಂದೆ. ಅವನು ಸುಮ್ಮನಾದ.

ಒಂದು ಕಂಪನಿಯ ಲೈಬ್ರರಿ ತಗೊಂಡ್ವಿ. ಕೊಟ್ಟದ್ದು 84 ಸಾವಿರ, ಮೇಲೆ ಶೇ 18 ಜಿಎಸ್‌ಟಿ. ಹತ್ತಿರ ಹತ್ತಿರ ಒಂದು ಲಕ್ಷ! ಸೇಲ್ಸ್‌ನವನು ಫೋನಲ್ಲಿ ಎರಡೆರಡು ಸಲ ಹೇಳಿದ್ದ, "ಎಂಜಿನ್ ಪೂರಾ ನಮ್ಮದೇ ಸರ್, ನಮ್ಮ ಟೀಮೇ ಬರೆದದ್ದು." ಈ ಮಾತು ನೆನಪಿಟ್ಕೊಳ್ಳಿ.

2022ರಲ್ಲಿ ಒಂದು ಭಾನುವಾರ ಸರ್ವರನ್ನ ಉಬುಂಟು ಲಿನಕ್ಸಿನ 22.04 ಆವೃತ್ತಿಗೆ ಬದಲಾಯಿಸಿದ್ವಿ. ಸೋಮವಾರ ಬೆಳಿಗ್ಗೆ ಎಂಟಕ್ಕೇ ಫೋನು. "ಏನ್ರೀ ಸರ, ಒಂದು ಬ್ರಾಂಚಿಂದೂ ಸ್ಟಾಕ್ ಬಂದಿಲ್ಲಲ್ರೀ?" ಲಾಗ್ ತೆಗೆದರೆ ಸಾಲುಗಟ್ಟಲೆ ಒಂದೇ ದೂರು: ಹೋಸ್ಟ್ ಕೀ (ಸರ್ವರ್ ತನ್ನ ಗುರುತು ತೋರಿಸೋ ಕೀಲಿ) ಬಗೆ ಯಾವುದೂ ಹೊಂದುತ್ತಿಲ್ಲ, ನಮ್ಮ ಪ್ರೋಗ್ರಾಮಿನ ಕಡೆಯಿಂದ ಬರ್ತಿರೋದು ಎಸ್‌ಎಸ್‌ಎಚ್-ಆರ್‌ಎಸ್‌ಎ, ಎಸ್‌ಎಸ್‌ಎಚ್-ಡಿಎಸ್‌ಎಸ್ ಎರಡೇ.

ಗೊತ್ತಿರೋರಿಗೆ ಇಷ್ಟರಲ್ಲೇ ಅರ್ಥ ಆಗಿರುತ್ತೆ. ಶಾ-1 ಅನ್ನೋ ದುರ್ಬಲ ಲೆಕ್ಕ ಬಳಸೋ ಆ ಹಳೇ ಆರ್‌ಎಸ್‌ಎ ಸಹಿಯನ್ನ, ಸರ್ವರಲ್ಲಿ ಎಸ್‌ಎಸ್‌ಎಚ್ ನಡೆಸೋ ಓಪನ್‌ಎಸ್‌ಎಸ್‌ಎಚ್ ಪ್ರೋಗ್ರಾಮಿನ 8.8 ಆವೃತ್ತಿ, ಅಂದ್ರೆ 2021ರ ಸೆಪ್ಟೆಂಬರಲ್ಲೇ, ಡೀಫಾಲ್ಟಾಗಿ ಬಂದ್ ಮಾಡಿತ್ತು. ಉಬುಂಟು 22.04ರಲ್ಲಿ ಇರೋದು 8.9. ಅದೂ ದಿಢೀರ್ ಅಂತ ಅಲ್ಲ, 2020ರ ಫೆಬ್ರವರಿಯ 8.2ರಲ್ಲೇ "ಇದನ್ನ ತೆಗೀತೀವಿ" ಅಂತ ಹೇಳಿದ್ರು. ನಾನು ಓದಿರಲಿಲ್ಲ, ನನ್ನ ತಪ್ಪು. ಆದ್ರೆ ಎಸ್‌ಎಸ್‌ಎಚ್ ಮಾರಿ ಹೊಟ್ಟೆ ಹೊರೆಯೋರೂ ಓದಬಾರದಾ?

ಸಪೋರ್ಟಿಗೆ ಬರೆದೆ. ಎರಡು ದಿನ ಬಿಟ್ಟು ಉತ್ತರ: "ಇದು ನಿಮ್ಮ ಸರ್ವರ್ ಕಾನ್ಫಿಗರೇಶನ್ ಸಮಸ್ಯೆ. ನಿಮ್ಮ ಸಿಸ್ಟಮ್ ಅಡ್ಮಿನ್ ಅವರನ್ನು ಸಂಪರ್ಕಿಸಿ." ಅಡ್ಮಿನ್ ನಾನೇ ಮಾರಾಯ್ರೇ!

ಮತ್ತೆ ಬರೆದೆ. ಈ ಸಲ ಎರಡು ಸಾಲು ಕಳಿಸಿದ್ರು, ಸರ್ವರಿನ ಎಸ್‌ಎಸ್‌ಎಚ್ ಕಾನ್ಫಿಗ್‌ಗೆ ಸೇರಿಸೋದಕ್ಕೆ. ಹೋಸ್ಟ್ ಕೀಗೂ ಯೂಸರ್ ಕೀಗೂ ಹಳೇ ಎಸ್‌ಎಸ್‌ಎಚ್-ಆರ್‌ಎಸ್‌ಎಯನ್ನ ಮತ್ತೆ ಒಳಗೆ ಬಿಟ್ಕೊಳ್ಳಿ ಅಂತ. ಅಂದ್ರೆ ಅವರ ಕೀಲಿ ಹಳೇದು ಅಂತ ನಾನು ನನ್ನ ಮನೆ ಬೀಗ ಸಡಿಲ ಮಾಡ್ಬೇಕು. ಮಾಡಿದೆ ಕೂಡ, ಹೇಳೋದಕ್ಕೆ ನಾಚಿಕೆ. ಗಿರಾಕಿ ತಲೆ ಮೇಲೆ ಕೂತಿದ್ರು, ಬೇರೆ ದಾರಿ ಇರಲಿಲ್ಲ. ಕೀಯನ್ನೇ ಇಡಿ25519 ಅನ್ನೋ ಹೊಸ ಬಗೆಗೆ ಬದಲಾಯಿಸೋಣ ಅಂದ್ರೆ ಆ ಲೈಬ್ರರಿಗೆ ಅದರ ಗಂಧಗಾಳಿ ಇಲ್ಲ. ಕೊನೆಗೆ ಫೋನ್ ಮಾಡಿ ಕೂಗಾಡಿದೆ. "ಸರ್, ಅದು ಮುಂದಿನ ಮೇಜರ್ ವರ್ಶನ್‌ನಲ್ಲಿ ಬರುತ್ತೆ, ಅಪ್‌ಗ್ರೇಡ್ ಚಾರ್ಜ್ ಇರುತ್ತೆ." ಯಾವಾಗ ಬರುತ್ತೆ? "ರೋಡ್‌ಮ್ಯಾಪಲ್ಲಿದೆ ಸರ್."

ಈಗ ನಿಜವಾದ ಅವಮಾನಕ್ಕೆ ಬರ್ತೀನಿ. ಅವತ್ತು ಸಂಜೆ ಹುಡುಗ ತನ್ನ ಲಿನಕ್ಸ್ ಮಿಷಿನ್ನಲ್ಲಿ ಒಂದು ಟರ್ಮಿನಲ್ ತೆಗೆದು, 'ಎನ್‌ಸಿ -ಎಲ್ 2222' ಅಂತ ಹೊಡೆದು (ಎನ್‌ಸಿ ಅಂದ್ರೆ ಒಂದು ಪೋರ್ಟಲ್ಲಿ ಕಾದು, ಬಂದದ್ದನ್ನ ತೋರಿಸೋ ಸಣ್ಣ ಪ್ರೋಗ್ರಾಮು), ನಮ್ಮ ಪ್ರೋಗ್ರಾಮನ್ನ ಆ ಪೋರ್ಟಿಗೆ ಕನೆಕ್ಟ್ ಮಾಡಿಸಿದ. ಎಸ್‌ಎಸ್‌ಎಚ್‌ನಲ್ಲಿ ಎರಡೂ ಕಡೆಯವರು ಮೊದಲು ತಮ್ಮ ಹೆಸರು ಹೇಳ್ಕೋಬೇಕಲ್ಲ, ಆ ಒಂದು ಸಾಲು ಪರದೆ ಮೇಲೆ ಬಂತು.

ಎಸ್‌ಎಸ್‌ಎಚ್-2.0-ಲಿಬ್‌ಎಸ್‌ಎಸ್‌ಎಚ್2_1.8.0

"ಸರ್, ಇಲ್ನೋಡ್ರಿ" ಅಂದ, ಅಷ್ಟೇ. ನಾನು ಕುರ್ಚಿಯಲ್ಲಿ ಹಾಗೇ ಕೂತೆ. ಎರಡು ವರ್ಷದ ಹಿಂದೆ ಅವನು ಪುಕ್ಕಟೆ ಹಾಕೂಣ ಅಂದದ್ದನ್ನೇ ನಾನು ಒಂದು ಲಕ್ಷ ಕೊಟ್ಟು ತಂದಿದ್ದೆ. ಅದೂ 1.8.0, 2016ರ ಮಾಲು! 2019ರ ಮಾರ್ಚಲ್ಲಿ 1.8.1 ಬಂದಾಗ ಒಂಬತ್ತು ಭದ್ರತಾ ದೋಷ ಸರಿಪಡಿಸಿದ್ರು. ಅದಾಗಿ ಒಂದೂವರೆ ವರ್ಷ ಕಳೆದ ಮೇಲೆ, ಆ ಒಂಬತ್ತನ್ನೂ ಹಾಗೇ ಇಟ್ಟು ನನಗೆ ಮಾರಿದ್ದಾರೆ. ಇಡಿ25519 ಕೀ ಕೂಡ 2019ರ 1.9.0ರಲ್ಲೇ ಬಂದಿತ್ತು. ಬರೀ ಹೊಸ ಆವೃತ್ತಿ ಹಾಕಿಕೊಟ್ಟಿದ್ರೂ ನನ್ನ ಕೆಲಸ ನಡೀತಿತ್ತು.

ಇದನ್ನ ಬರೆದು ಕೇಳಿದ್ದಕ್ಕೆ ಬಂದ ಉತ್ತರ: "ನಮ್ಮ ಉತ್ಪನ್ನದಲ್ಲಿ ಉದ್ಯಮಮಾನ್ಯ ಘಟಕಗಳನ್ನು ಬಳಸಲಾಗಿದೆ." ಪೂರಾ ನಮ್ಮದೇ ಅಂದವನು ಕೆಲಸ ಬಿಟ್ಟಿದ್ದಾನಂತೆ. ಕೇಸ್ ಹಾಕೋಣ ಅಂದ್ರೆ ಅದೂ ಕಷ್ಟ. ಲಿಬ್‌ಎಸ್‌ಎಸ್‌ಎಚ್2 ಇರೋದು ಬಿಎಸ್‌ಡಿ ಲೈಸೆನ್ಸಲ್ಲಿ, ಒಳಗೆ ಸೇರಿಸಿ ಮಾರೋದು ತಪ್ಪಲ್ಲ. ಮೂಲದವರ ಕಾಪಿರೈಟ್ ಸೂಚನೆ ಜೊತೆಗಿಡಬೇಕು ಅಷ್ಟೇ. ಇವರ ಪ್ಯಾಕೇಜಿನಲ್ಲಿ ಅದನ್ನೂ ಇಟ್ಟಿರಲಿಲ್ಲ.

ಮ್ಯಾಕಿನ ಕಥೆ ಬೇರೆ. "ಮೂರೂ ಪ್ಲಾಟ್‌ಫಾರ್ಮ್" ಅಂದದ್ದು ಇಂಟೆಲ್ ಮ್ಯಾಕಿಗೆ ಮಾತ್ರ. ಮಾಲೀಕರ ಮಗ ಆಪಲ್‌ನದೇ ಎಂ1 ಚಿಪ್ಪಿನ ಮ್ಯಾಕ್ ತಂದ ದಿನ ಅದೂ ಗೊತ್ತಾಯ್ತು.

ಹುಡುಗ ನಾಲ್ಕು ದಿನ ಕೂತು ಎಲ್ಲಾ ಲಿಬ್‌ಎಸ್‌ಎಸ್‌ಎಚ್‌ಗೆ ಬದಲಾಯಿಸಿದ. ಹೆಸರು ನೋಡಿ ಮೋಸ ಹೋಗ್ಬೇಡಿ, 2 ಇರೋದು ಇದರ ಹೊಸ ಆವೃತ್ತಿ ಅಲ್ಲ. ಎರಡೂ ಬೇರೆ ಬೇರೆ ತಂಡದವು, ಆ 2 ಅನ್ನೋದು ಪ್ರೋಟೋಕಾಲಿನ ನಂಬರು. ಲಿಬ್‌ಎಸ್‌ಎಸ್‌ಎಚ್ ಎಲ್‌ಜಿಪಿಎಲ್ ಲೈಸೆನ್ಸಿನದು, ಹಾಗಾಗಿ ನಾವು ಡೈನಮಿಕ್ ಲಿಂಕ್ ಮಾಡ್ಕೊಂಡ್ವಿ, ಅಂದ್ರೆ ಲೈಬ್ರರಿಯನ್ನ ಬೇರೆ ಫೈಲಾಗೇ ಇಟ್ವಿ. ಕಾನ್ಫಿಗ್‌ನಿಂದ ಆ ಎರಡು ಸಾಲು ಅಳಿಸಿದ ದಿನ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಯಾರಾದ್ರೂ ಇಂಥದ್ದಕ್ಕೆ ದುಡ್ಡು ಕೊಡೋ ಮುಂಚೆ ಟ್ರಯಲ್ ಇಳಿಸ್ಕೊಂಡು ಆ ಎನ್‌ಸಿ ಆಟ ಒಂದು ಆಡಿ, ಒಂದು ನಿಮಿಷದ ಕೆಲಸ. ಆದ್ರೆ ಆ ಹೆಸರಿನ ಸಾಲನ್ನ (ಬ್ಯಾನರ್) ಬದಲಾಯಿಸಬಹುದು, ಅದೊಂದನ್ನೇ ನೆಚ್ಕೋಬೇಡಿ. ಹೊಸಾ ಉಬುಂಟುಗೆ ಕನೆಕ್ಟ್ ಮಾಡಿ ನೋಡಿ, ಕಳೆದ ಒಂದು ವರ್ಷದಲ್ಲಿ ಏನೇನು ಸರಿಮಾಡಿದ್ದೀರಿ ಅಂತ ಲಿಖಿತವಾಗಿ ಕೇಳಿ. ರೋಡ್‌ಮ್ಯಾಪ್ ಅಂದ್ರೆ ಫೋನ್ ಇಟ್ಬಿಡಿ.

ಕಂಪನಿ ಹೆಸರು ಮಾತ್ರ ಕೇಳಬೇಡಿ. ಲೈಸೆನ್ಸ್ ಒಪ್ಪಂದದಲ್ಲಿ ಹೆಸರೆತ್ತಿ ಬೈಯಬಾರದು ಅಂತ ಒಂದು ಕಲಂ ಇದೆ. ಅದನ್ನ ಮಾತ್ರ ಪೂರಾ ಅವರೇ ಬರೆದಿರ್ಬೇಕು.